ಬೂತಮ್ಮ ಬ್ಯಾಲೆನ್ಸ್ ನುಂಗಿದ ವರ್ಷ

ಕಮಲಾಕ್ಷಮ್ಮನವರ ಎಡಗೈ ಮೊಣಕೈಯಿಂದ ಕೆಳಕ್ಕೆ ಸ್ವಲ್ಪ ಹೊರಮುಖವಾಗಿ ಬಾಗಿದೆ. ಅದು ಹುಟ್ಟಿನಿಂದ ಬಂದದ್ದಲ್ಲ. ಮೂರನೆಯ ವರ್ಷಕ್ಕೆ ಪೋಲಿಯೋ ತಗುಲಿ ಸೊರಗಿದ್ದು ಅವರ ಬಲಗಾಲು. ಕೈಯನ್ನು ಮುರಿದವನು ಮಾವಿನಕೊಪ್ಪಲಿನ ರಾಮಣ್ಣ. ೨೦೦೮ರ ಆಗಸ್ಟ್ ತಿಂಗಳಲ್ಲಿ, ಹಗಲು ಹನ್ನೊಂದು ಗಂಟೆಗೆ, ರಾಮನಾಥಪುರದ ಬಸ್ ನಿಲ್ದಾಣದ ಎದುರು, ಮೂವತ್ತು ನಲವತ್ತು ಜನ ನೋಡುತ್ತಿದ್ದಂತೆ. ನೋಡುತ್ತಿದ್ದವರಲ್ಲಿ ನಾನೂ ಒಬ್ಬ. ಎಂಟನೆಯ ತರಗತಿಯಲ್ಲಿ ರಾಮಣ್ಣನಿಗೆ ವಿಭಕ್ತಿ ಪ್ರತ್ಯಯಗಳನ್ನು ಕಲಿಸಿದವನೂ ನಾನೇ.

ಕಮಲಾಕ್ಷಮ್ಮನವರ ತಂದೆ ಗಂಗಾಧರಯ್ಯನವರು ಹೊಳೆದಂಡೆಯ ಗುಡಿಯ ಅರ್ಚಕರಾಗಿದ್ದರು. ಮಗಳಿಗೆ ಮದುವೆಯಾಗಲಿಲ್ಲ. ೧೯೯೩ರಲ್ಲಿ ಅಂಗವಿಕಲರಿಗೆ ಮೀಸಲಾದ ಎಸ್.ಟಿ.ಡಿ. ಬೂತೊಂದು ಅವರ ಹೆಸರಿಗೆ ಮಂಜೂರಾಯಿತು. ಬಸ್ ನಿಲ್ದಾಣದ ಎದುರಿನ ಮಳಿಗೆಯಲ್ಲಿ ಎರಡು ಗಾಜಿನ ಗೂಡುಗಳು, ಪ್ರತಿಯೊಂದರ ತಲೆಯ ಮೇಲೆ ಕೆಂಪು ಅಂಕಿಗಳು ಓಡುವ ಒಂದು ಮೀಟರು, ಹೊರಗೆ ಎತ್ತರದ ಸ್ಟೂಲಿನ ಮೇಲೆ ಇವರು. ಪಕ್ಕದಲ್ಲಿ, ಶಟರನ್ನು ಕೆಳಗೆಳೆಯುವ ಮೂರಡಿ ಉದ್ದದ ಕಬ್ಬಿಣದ ಕೊಕ್ಕೆ. ಬೂತನ್ನು ನೋಡಿಕೊಳ್ಳುವ ಅಮ್ಮನಿಗೆ ಸುತ್ತಲಿನ ಹಳ್ಳಿಯವರು ಬೂತಮ್ಮ ಎಂದು ಹೆಸರಿಟ್ಟರು. ಅವರ ಬಾಯಲ್ಲಿ ಹಕಾರ, ಮಹಾಪ್ರಾಣಗಳು ಉಳಿಯುವುದಿಲ್ಲವಾದ್ದರಿಂದ ಬೂತಿಗೂ ಭೂತಕ್ಕೂ ವ್ಯತ್ಯಾಸವಿರಲಿಲ್ಲ. ಮೊದಮೊದಲು ನಾನು ತಿದ್ದಲು ಹೋದೆ. ಕಮಲಾಕ್ಷಮ್ಮನವರೇ ನನ್ನನ್ನು ತಡೆದರು.

"ಬಿಡಿ ಮೇಷ್ಟ್ರೇ. ಭೂತ ಅಂತ ಒಂದಿಷ್ಟು ಹೆದರಿಕೊಂಡರೆ ನನಗೇ ಒಳ್ಳೇದು."

ಹೆದರಿಕೆ ಬೇಕಾಗಿಯೇ ಇತ್ತು. ನಮ್ಮ ಕಡೆಯದು ತಂಬಾಕಿನ ಬೆಳೆ. ಹರಾಜಿನ ದಿನಗಳಲ್ಲಿ ಹರಾಜುಕಟ್ಟೆಯ ಮೇಲೆ ಸೊಪ್ಪಿನ ಬೇಲುಗಳನ್ನಿಟ್ಟ ಬೆಳೆಗಾರನಿಗೆ, ತನ್ನ ಸೊಪ್ಪಿಗೆ ಕೂಗಿದ ದರವನ್ನು ಒಪ್ಪುವ ಮುನ್ನ ಬೇರೆ ಊರಿನ ಕಟ್ಟೆಯಲ್ಲಿ ಏನು ದರ ನಡೆಯುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಐದೋ ಹತ್ತೋ ನಿಮಿಷ ಮಾತ್ರ ಕಾಲಾವಕಾಶ. ಗೂಡುಗಳು ಎರಡು, ಗಂಡಸರು ನಲವತ್ತು. ಅಲ್ಲಿ ಹೊಡೆದಾಟ ನಡೆಯದ ದಿನವೇ ಅಪರೂಪ. ಒಮ್ಮೆ ಹಳ್ಳಿಮೈಸೂರಿನ ಕಡೆಯ ಇಬ್ಬರು ಷಡ್ಡಕರು ಒಂದೇ ಗೂಡಿನೊಳಗೆ ನುಗ್ಗಿ, ಒಬ್ಬನು ಇನ್ನೊಬ್ಬನ ಬಾಯಿಗೆ ರಿಸೀವರಿನಿಂದಲೇ ಗುದ್ದಿದ. ಗಾಜಿನ ಮೇಲೆಲ್ಲ ರಕ್ತ. ಕಮಲಾಕ್ಷಮ್ಮನವರು ಸ್ಟೂಲಿನಿಂದ ಇಳಿದು, ಕೊಕ್ಕೆಯಿಂದ ಇಬ್ಬರ ಮೊಣಕಾಲಿಗೂ ಒಂದೊಂದು ಬಿಟ್ಟು ಹೊರಗೆಳೆದರು. ನೆಲ ಒರೆಸುವಾಗ ಸಿಕ್ಕ ಹಲ್ಲನ್ನು ಕಾಗದದಲ್ಲಿ ಕಟ್ಟಿ, ಮೀಟರಿನ ರಸೀದಿಯ ಜೊತೆಗೆ ಸೇರಿಸಿ, ಯಾರದೋ ಅವರಿಗೆ ಕಳುಹಿಸಿಕೊಟ್ಟರು.

ಆದರೆ ಒಂದು ಮಾತನ್ನು ಹೇಳಬೇಕು. ಜನ ಸರದಿಗಾಗಿ ಹೊಡೆದಾಡುತ್ತಿದ್ದರೇ ಹೊರತು, ಅವರ ಮೀಟರನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಅದಕ್ಕೂ ಒಂದು ಕತೆಯಿದೆ. ಬೂತು ತೆರೆದ ಮರುವರ್ಷ ಒಬ್ಬ ಬೆಳೆಗಾರ, "ನಿಮ್ ಮೀಟ್ರು ಕುದ್ರೆ ಅಂಗೆ ಓಡ್ತದೆ ಕಣಮ್ಮ" ಎಂದು ಕೂಗಾಡಿ ಗೂಡಿನ ಗಾಜಿಗೆ ಒದ್ದ. ಗಾಜು ಒಡೆದು ಅವನ ಮೀನಖಂಡ ಸೀಳಿತು. ಇವರು ತಮ್ಮ ಸೆರಗನ್ನು ಹರಿದು ಅವನ ಕಾಲಿಗೆ ಕಟ್ಟಿ, ನನಗೆ ಹೇಳಿಕಳುಹಿಸಿದರು. ಶಾಲೆಯ ಆಟೋಟದ ಸ್ಟಾಪ್‌ವಾಚನ್ನು ತಂದು ಮೂರು ದಿನ ನಾನು ಅಲ್ಲಿ ಕುಳಿತೆ. ಅನುಮಾನವಿದ್ದವರೆಲ್ಲ ಬಂದು ನೋಡಿದರು. ಗಡಿಯಾರಕ್ಕೂ ಮೀಟರಿಗೂ ಒಂದು ಸೆಕೆಂಡಿನ ಅಂತರವೂ ಬರಲಿಲ್ಲ. ಅಂದಿನಿಂದ ಯಾರು ಗೂಡಿಗೆ ಹೊಕ್ಕರೂ ಕಮಲಾಕ್ಷಮ್ಮನವರು ಹೇಳುತ್ತಿದ್ದುದು ಒಂದೇ ಮಾತು: "ಕೆಂಪು ಅಂಕಿ ನೋಡ್ಕೊಂಡು ಮಾತಾಡಿ."

ಮೊಬೈಲ್ ಬಂದ ಮೇಲೆ ಕೆಂಪು ಅಂಕಿಯನ್ನು ನೋಡುವವರು ಇಲ್ಲವಾದರು. ೨೦೦೫ರ ಹೊತ್ತಿಗೆ ಒಂದು ಗೂಡನ್ನು ಕಳಚಿ ಮಾರಿದರು. ಇನ್ನೊಂದು ಹಾಗೆಯೇ ಉಳಿಯಿತು. ಕಮಲಾಕ್ಷಮ್ಮನವರು ಕರೆನ್ಸಿ ಹಾಕುವ ವ್ಯಾಪಾರಕ್ಕೆ ಇಳಿದರು. ಬಂದವರ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಮ್ಮ ಫೋನಿನಿಂದ ಹಣ ದಾಟಿಸಿ, ಅವರ ಫೋನಿಗೆ ಸಂದೇಶ ಬರುವ ತನಕ ಅವರನ್ನು ಕದಲಗೊಡುತ್ತಿರಲಿಲ್ಲ.

೨೦೦೮ರ ಜೂನ್‌ನಲ್ಲಿ ಒಂದು ಕಂಪನಿಯವರು ಸಂತೆಯಲ್ಲಿ ಬಣ್ಣದ ಕೊಡೆ ನಿಲ್ಲಿಸಿ ಹೊಸ ಸಿಮ್ಮುಗಳನ್ನು ಹಂಚಿದರು. ಅದೇ ಸುಮಾರಿಗೆ ಹಾಸನದ ಅಂಗಡಿಗಳಿಂದ ಒಂದು ಅಗ್ಗದ ಹ್ಯಾಂಡ್‌ಸೆಟ್ಟು ಬಂತು. ಅದರ ನೆತ್ತಿಯಲ್ಲಿ ಒಳ್ಳೆಯ ಟಾರ್ಚಿತ್ತು. ತಂಬಾಕಿನವರೆಲ್ಲ ಆ ಟಾರ್ಚಿಗಾಗಿಯೇ ಅದನ್ನು ಕೊಂಡರು. ಕಾರಣವಿಷ್ಟೆ. ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕತ್ತಲೆಮನೆಯಲ್ಲಿ ತೂಗುಹಾಕಿ, ಕೆಳಗೆ ಬೆಂಕಿಯ ಕೊಳವೆಗಳನ್ನು ಹಾಯಿಸಿ ಹದ ಮಾಡುತ್ತಾರೆ. ಒಳಗೆ ಒಂದು ಥರ್ಮಾಮೀಟರ್ ನೇತಾಡುತ್ತಿರುತ್ತದೆ. ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ಆ ಕಿಂಡಿಗೆ ಟಾರ್ಚ್ ಹಿಡಿದು, ಶಾಖ ಎಷ್ಟಾಯಿತೆಂದು ಇಣುಕಿ ನೋಡಬೇಕು. ಎರಡು ಡಿಗ್ರಿ ಏರುಪೇರಾದರೆ ಸೊಪ್ಪು ಕಪ್ಪಾಗುತ್ತದೆ. ಆದ್ದರಿಂದ ದಿನಕ್ಕೆ ಮೂವತ್ತು ನಲವತ್ತು ಸಲ ಇಣುಕುತ್ತಾರೆ.

ಜುಲೈ ಕಳೆಯಿತು. ಆಗಸ್ಟ್ ಮೊದಲ ವಾರದಿಂದ ಬ್ಯಾಲೆನ್ಸ್ ಮಾಯವಾಗತೊಡಗಿತು.

ಬೆಳಿಗ್ಗೆ ಐವತ್ತು ರೂಪಾಯಿ ಹಾಕಿಸಿಕೊಂಡು ಹೋದವನು ಮರುದಿನ ಬಂದು, "ಬೂತಮ್ಮೋರೆ, ಏಳು ರೂಪಾಯಿ ಅದೆ ಅಂತದೆ. ನಾನು ಯಾರ್ಗೂ ಪೋನೇ ಮಾಡಿಲ್ಲ" ಎನ್ನುವನು. ಮೊದಲು ಒಬ್ಬರು, ಆಮೇಲೆ ಹತ್ತು ಜನ. ಎಲ್ಲರೂ ತಂಬಾಕಿನವರೇ. ಪೇಟೆಯವರ ಫೋನಿಗೆ ಏನೂ ಆಗಿರಲಿಲ್ಲ. ಕಮಲಾಕ್ಷಮ್ಮನವರು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಅಲ್ಲಿನ ಹುಡುಗಿ ಪಾಠ ಒಪ್ಪಿಸಿದಂತೆ ಹೇಳಿದಳು: ಈ ಗ್ರಾಹಕರು ಇಂಟರ್‌ನೆಟ್ ಬಳಸಿದ್ದಾರೆ, ಜುಲೈ ಕೊನೆಯವರೆಗೆ ಒಂದು ಮಿತಿಯೊಳಗೆ ಉಚಿತವಿತ್ತು, ಈಗ ಆ ಅವಧಿ ಮುಗಿದಿದೆ, ಮೀರಿದ ಬಳಕೆಗೆ ಶುಲ್ಕ ಕಡಿತವಾಗುತ್ತದೆ.

ಇವರು ಅದನ್ನು ಹಾಗೆಯೇ ಜನಕ್ಕೆ ಹೇಳಿದರು. ಅಲ್ಲಿಂದಲೇ ಕೆಟ್ಟಿತು.

"ಇಂಟರ್‌ನೆಟ್ಟಾ? ಕೇಳ್ರಲಾ, ನಾನು ಬ್ಯಾರನ್ ಮುಂದೆ ಕುಂತ್ಕಂಡು ಇಂಟರ್‌ನೆಟ್ ನೋಡುದ್ನಂತೆ."

"ಮೊನ್ನೆ ತನಕ ಮೀಟ್ರು ಕಾಣ್ತಿತ್ತು. ಈಗ ಕಾಣಾಕಿಲ್ವಲ್ಲ, ನುಂಗೋದು ಸಲೀಸು."

"ಬೂತಮ್ಮ ನುಂಗುದ್ಲು" ಎಂಬ ಮಾತು ಒಂದೇ ವಾರದಲ್ಲಿ ಕೊಣನೂರಿನಿಂದ ಹಳೇಕೋಟೆಯ ತನಕ ಹಬ್ಬಿತು. ಒಬ್ಬ ಅವರ ಬೋರ್ಡಿಗೆ ಕಲ್ಲು ಬೀರಿದ. ಇನ್ನೊಬ್ಬ ನೋಟ್‌ಬುಕ್ಕನ್ನು ಕಸಿದು ಅವರ ಮುಖಕ್ಕೇ ಎಸೆದ, ತುಟಿ ಒಡೆಯಿತು. ಅರಕಲಗೂಡಿನಿಂದ ಕರೆನ್ಸಿ ಸರಬರಾಜು ಮಾಡುತ್ತಿದ್ದ ಏಜೆಂಟು ಬಂದು, ಇನ್ನೊಂದು ದೂರು ಬಂದರೆ ವ್ಯಾಪಾರವನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿಹೋದ. ಅಂದು ಸಂಜೆ ಅವರು ತುಟಿಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದರು.

"ವ್ಯಾಪಾರ ಹೋದರೆ ಹೋಗಲಿ ಮೇಷ್ಟ್ರೇ. ಹಪ್ಪಳ ಒತ್ತಿ ಬದುಕ್ತೀನಿ. ಕಳ್ಳಿ ಅನ್ನಿಸ್ಕೊಂಡು ಈ ಸ್ಟೂಲಿಂದ ಇಳಿಯೋದು ಮಾತ್ರ ನನ್ನ ಕೈಲಾಗೋದಿಲ್ಲ."

ಅದಾದ ನಾಲ್ಕನೆಯ ದಿನ ಮಾವಿನಕೊಪ್ಪಲಿನಲ್ಲಿ ಬೆಂಕಿ ಬಿತ್ತು.

ರಾಮಣ್ಣ, ಅವನ ತಮ್ಮ ತಮ್ಮಯ್ಯ ಒಟ್ಟಿಗೇ ಬೇಸಾಯ ಮಾಡುವವರು. ಎರಡು ಬ್ಯಾರನ್‌ಗಳಿದ್ದವು. ಅಂದು ಮಧ್ಯಾಹ್ನ ಕರೆಂಟಿನ ಸರದಿ ಬಂದಿತೆಂದು ರಾಮಣ್ಣ ಹೊಲದ ಆ ತುದಿಯ ಪಂಪ್‌ಸೆಟ್ಟಿಗೆ ಹೋಗಿದ್ದ. ಮುಂಜಾನೆಯಿಂದ ಸೌದೆ ಒಟ್ಟಿ ಬಳಲಿದ್ದ ತಮ್ಮಯ್ಯ ದೊಡ್ಡ ಬ್ಯಾರನ್ನಿನ ಚಾವಡಿಯಲ್ಲಿ ಮಲಗಿ ನಿದ್ದೆ ಹೋಗಿದ್ದ. ಒಣಗಿದ ಸೊಪ್ಪಿನ ಕಡ್ಡಿಯೊಂದು ಜಾರಿ ಕಾದ ಕೊಳವೆಯ ಮೇಲೆ ಬಿದ್ದಿರಬೇಕು. ಹೆಂಚಿನ ಸಂದುಗಳಿಂದ ಹೊಗೆ ಏಳುವುದನ್ನು ರಾಮಣ್ಣ ದೂರದಿಂದ ಕಂಡ. ಕೂಗಿದರೆ ಕೇಳುವ ದೂರವಲ್ಲ. ಫೋನ್ ತೆಗೆದು ತಮ್ಮನ ನಂಬರ್ ಒತ್ತಿದ. ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಹೆಣ್ಣು ದನಿಯೊಂದು ಹೇಳಿತು. ಮತ್ತೆ ಒತ್ತಿದ. ಅದೇ ದನಿ. ಮೂರನೆಯ ಸಲವೂ ಅದೇ ದನಿ. ಆಮೇಲೆ ಓಡಿದ.

ಅವನು ಅರ್ಧ ಹೊಲ ದಾಟುವಷ್ಟರಲ್ಲಿ ತಮ್ಮಯ್ಯನಿಗೆ ತಾನಾಗಿ ಎಚ್ಚರವಾಯಿತು. ನಿದ್ದೆಗಣ್ಣಿನಲ್ಲಿ ಮಾಡಬಾರದ್ದನ್ನು ಮಾಡಿದ; ಬ್ಯಾರನ್ನಿನ ಬಾಗಿಲು ತೆರೆದ. ಒಳಗೆ ಗಾಳಿ ನುಗ್ಗಿದೊಡನೆ ಬೆಂಕಿ ಬಾಗಿಲಿನಿಂದ ಹೊರಕ್ಕೆ ಚಿಮ್ಮಿ ಅವನನ್ನು ಹೊದ್ದುಕೊಂಡಿತು. ಮುಖ ಮುಚ್ಚಿಕೊಂಡ ಎರಡು ಕೈಗಳೂ ಸುಟ್ಟವು. ಹೆಂಚುಗಳು ಕಾದ ಬಾಣಲೆಯ ಸಾಸಿವೆಯಂತೆ ಸಿಡಿದು ಬೆನ್ನಿಗೆ ಬಿದ್ದವು. ರಾಮಣ್ಣ ಅವನನ್ನು ನೆಲದಲ್ಲಿ ಉರುಳಿಸಿ, ಹಸಿ ಗೋಣಿಯಲ್ಲಿ ಸುತ್ತಿ, ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಒಯ್ದ. ಅಂಗಿಯ ಜೊತೆಗೆ ಚರ್ಮವೂ ಬರುತ್ತಿತ್ತಂತೆ. ಬದುಕುತ್ತಾನೋ ಇಲ್ಲವೋ ಮೂರು ದಿನ ಕಳೆದ ಮೇಲೆ ಹೇಳಬೇಕು ಎಂದರು ವೈದ್ಯರು.

ಆ ಮೂರು ದಿನ ಕಳೆದು, ಬದುಕುತ್ತಾನೆ, ಆದರೆ ಬೆರಳುಗಳು ಮೊದಲಿನಂತೆ ಬರುವುದಿಲ್ಲ ಎಂದು ತಿಳಿದ ಬೆಳಿಗ್ಗೆ ರಾಮಣ್ಣ ಹಾಸನದಿಂದ ಬಸ್ಸು ಹತ್ತಿದ. ರಾಮನಾಥಪುರದಲ್ಲಿ ಇಳಿದವನು ನೇರವಾಗಿ ಬೂತಿಗೆ ಬಂದ. ನಾನು ಎದುರಿನ ಅಂಗಡಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಅವನ ಅಂಗಿಯ ಮೇಲೆ ತಮ್ಮನ ಮುಲಾಮಿನ ಕಲೆ ಇನ್ನೂ ಹಾಗೆಯೇ ಇತ್ತು.

"ಬೆಂಕಿ ಬೀಳೋಕ್ ಮುಂಚಿನ್ ದಿನ ಐವತ್ತು ರೂಪಾಯಿ ಆಕ್ಸಿದ್ದೆ. ಎಲ್ಲದೆ? ಯೋಳು."

"ಹಾಕಿದ್ದೀನಿ ಕಣಪ್ಪಾ ರಾಮಣ್ಣ. ಪುಸ್ತಕದಲ್ಲಿದೆ, ನಿನ್ನ ಫೋನಿಗೂ ಬಂದಿತ್ತು. ತಮ್ಮಯ್ಯ ಹೇಗಿದ್ದಾನೆ?"

"ಅವನ್ ಎಸ್ರು ಎತ್ತಬ್ಯಾಡ. ಎಲ್ಲದೆ ಅಂತ ಕೇಳ್ದೆ."

"ಎಲ್ಲಿ ಹೋಯ್ತೋ ನನಗೆ ಗೊತ್ತಿಲ್ಲ."

ಅವರು ಸುಳ್ಳು ಹೇಳುವವರಾಗಿದ್ದರೆ ಆ ಹೊತ್ತಿಗೆ ಬೇರೆ ಏನಾದರೂ ಹೇಳಿರುತ್ತಿದ್ದರು. ರಾಮಣ್ಣ ಗೋಡೆಗೆ ಒರಗಿಸಿದ್ದ ಕೊಕ್ಕೆಯನ್ನು ಎಳೆದುಕೊಂಡ. ಮೊದಲನೆಯ ಏಟು ತಲೆಗೆ ಬರುತ್ತಿತ್ತು. ಅವರು ಎಡಗೈ ಅಡ್ಡ ಹಿಡಿದರು. ಹಸಿ ಸೌದೆ ಮುರಿದಂತಹ ಸದ್ದು ರಸ್ತೆಯ ಈಚೆಗೂ ಕೇಳಿಸಿತು. ಸ್ಟೂಲು ಮಗುಚಿತು. ಎರಡನೆಯ ಏಟು ಬೆನ್ನಿಗೆ, ಮೂರನೆಯದು ಸೊಂಟಕ್ಕೆ. ಅಷ್ಟರಲ್ಲಿ ಸುಮ್ಮನೆ ನಿಂತಿದ್ದವರಿಗೂ ಕೈ ಬಂತು. ಒಬ್ಬ ಕ್ಯಾಷ್ ಡಬ್ಬಿಯನ್ನು ರಸ್ತೆಗೆ ಒದ್ದ, ಒಬ್ಬ ಕೌಂಟರಿನ ಗಾಜು ಒಡೆದ. ನಾನು ಓಡಿಹೋಗಿ ರಾಮಣ್ಣನ ಸೊಂಟವನ್ನು ತಬ್ಬಿ ಹಿಡಿದೆ. ಅವನು ಮೊಣಕೈಯಿಂದ ತಳ್ಳಿದ ರಭಸಕ್ಕೆ ನನ್ನ ಕನ್ನಡಕ ಹೋಗಿ ಚರಂಡಿಗೆ ಬಿತ್ತು. ತಳ್ಳಿದ ಮೇಲೆ ಯಾರೆಂದು ನೋಡಿದ. ನೋಡಿ, ಕೊಕ್ಕೆಯನ್ನು ಕೆಳಗೆ ಹಾಕಿ ಹೊರಟುಹೋದ.

ಠಾಣೆಯವರು ಬಂದು ಕೇಳಿದಾಗ ಕಮಲಾಕ್ಷಮ್ಮನವರು, "ಶಟರ್ ಬಿತ್ತು" ಎಂದರು. ನನಗೆ ಸಿಟ್ಟು ಬಂತು. ಅವನು ನಿಮ್ಮನ್ನು ಕೊಲ್ಲುತ್ತಿದ್ದ ಎಂದೆ.

"ಅವನ ಮೇಲೆ ಕೇಸು ಹಾಕಿದರೆ ಅವನಿಗೆ ಜೈಲಾಗುತ್ತೆ. ನಾನು ನುಂಗಿಲ್ಲ ಅಂತ ಆಗುತ್ತಾ?"

ಬ್ಯಾಲೆನ್ಸ್ ಕಳೆದುಕೊಂಡವರು ಫೋನ್ ತಂದು ತಮ್ಮ ಎದುರಿಗೆ ಕೂರಬೇಕೆಂದು ಚೀಟಿ ಬರೆದು ಅಂಟಿಸಿದರು. ಯಾರೂ ಬರಲಿಲ್ಲ. ಆರನೆಯ ದಿನ, ಬಿದಿರು ದಬ್ಬೆಯ ಕಟ್ಟು ಹಾಕಿಸಿಕೊಂಡ ಕೈಯನ್ನು ಕುತ್ತಿಗೆಗೆ ತೂಗುಬಿಟ್ಟು, ಕೊಕ್ಕೆಯನ್ನೇ ಊರುಗೋಲು ಮಾಡಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು.

"ಮೇಷ್ಟ್ರೇ, ಆ ಸ್ಟಾಪ್‌ವಾಚು ಇದೆಯಾ? ಒಂದು ಪುಸ್ತಕಾನೂ ತಗೊಳ್ಳಿ. ಮೀಟರ್ ಇಲ್ಲ ಅಂದಮೇಲೆ ನಾವೇ ಮೀಟರ್ ಆಗಬೇಕು."

"ಎಲ್ಲಿಗೆ?"

"ರಾಮಣ್ಣನ ಬ್ಯಾರನ್ನಿಗೆ."

ಆಟೋದಲ್ಲಿ ಹೋಗುವಾಗ ಪ್ರತಿ ಗುಂಡಿಗೂ ಅವರ ಮುಖ ಬಿಳುಚುತ್ತಿತ್ತು. ಸುಟ್ಟ ಬ್ಯಾರನ್ ನಾಲ್ಕು ಕರಿಗೋಡೆಯಾಗಿ ನಿಂತಿತ್ತು. ಅದರ ಪಕ್ಕದ ಚಿಕ್ಕ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಮನೆಗೆ ಬೆಂಕಿ ಬಿದ್ದರೂ ಕೊಯ್ದ ಸೊಪ್ಪು ಕಾಯುವುದಿಲ್ಲ. ರಾಮಣ್ಣ ಒಲೆಯ ಬಾಯಿಗೆ ಸೌದೆ ನೂಕುತ್ತಿದ್ದ. ಅವನ ತಾಯಿ ದೊಡ್ಡತಾಯಮ್ಮ ಚಾವಡಿಯಲ್ಲಿ ಕುಳಿತು ಸೊಪ್ಪು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ರಾಮಣ್ಣ ಉರಿಯುವ ಕೊಳ್ಳಿಯನ್ನು ಎಳೆದು ಎದ್ದುನಿಂತ.

"ಮೇಷ್ಟ್ರೇ, ಕರ್ಕಂಡೋಗಿ ಇವಳ್ನ. ಇಲ್ದಿದ್ರೆ ಒಲೆಗೆ ಆಕ್ಬುಡ್ತೀನಿ."

"ಹಾಕು" ಎಂದರು ಕಮಲಾಕ್ಷಮ್ಮನವರು. "ಸಾಯಂಕಾಲ ಹಾಕು. ಅಲ್ಲೀವರೆಗೆ ನಿನ್ನ ಫೋನ್ ನಿನ್ನ ಜೇಬಲ್ಲೇ ಇರಲಿ, ನಾನು ಮುಟ್ಟೋದಿಲ್ಲ. ಈಗ ಅದಕ್ಕೆ ಐವತ್ತು ರೂಪಾಯಿ ಹಾಕ್ತೀನಿ, ನನ್ನದೇ ಹಣ. ಕಾಲು ಗಂಟೆಗೊಂದು ಸಲ ಎಷ್ಟಿದೆ ಅಂತ ನೋಡಿ ಮೇಷ್ಟ್ರಿಗೆ ಹೇಳು. ಯಾರಿಗೂ ಫೋನ್ ಮಾಡಬೇಡ. ಸಾಯಂಕಾಲ ಐವತ್ತೂ ಹಾಗೇ ಇದ್ದರೆ ನಾನು ಕಳ್ಳಿ. ಒಲೆ ಅಲ್ಲೇ ಇರುತ್ತೆ."

ದೊಡ್ಡತಾಯಮ್ಮ ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು.

"ಕೂರಿ ಬೂತಮ್ಮೋರೆ" ಎಂದು ಗೋಣಿತಾಟು ಹಾಸಿದಳು. "ಲೋ, ಕೊಳ್ಳಿ ಕೆಳಿಕ್ಕೆ ಇಕ್ಕೊ. ಕೈ ಮುರುದ್ ಎಂಗ್ಸಿಗೆ ಬೆಂಕಿ ತೋರುಸ್ತಾನೆ, ಗಂಡ್ಸು."

ಐವತ್ತು ರೂಪಾಯಿ ಬಂತು. ನಾನು ಪುಸ್ತಕದಲ್ಲಿ ಬರೆದೆ: ಹತ್ತು ಗಂಟೆ ಐದು ನಿಮಿಷ, ಐವತ್ತು. ಹತ್ತೂ ಇಪ್ಪತ್ತಕ್ಕೆ ರಾಮಣ್ಣ ನೋಡಿ, "ಐವತ್ತು" ಎಂದ. ಹತ್ತೂ ಮೂವತ್ತೈದಕ್ಕೂ "ಐವತ್ತು." ಹೇಳುವಾಗ ಕಮಲಾಕ್ಷಮ್ಮನವರ ಮುಖ ನೋಡಿ ಒಲೆಯ ಕಡೆಗೆ ಕಣ್ಣು ಹೊರಳಿಸಿದ. ನಾನು ಎರಡನ್ನೂ ಬರೆದುಕೊಂಡೆ.

ಆಮೇಲೆ ಅವನು ಎದ್ದು ಬ್ಯಾರನ್ನಿನ ಕಿಂಡಿಯ ಬಳಿಗೆ ಹೋಗಿ, ಫೋನಿನ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡಿ ಬಂದ. "ನೂರಾ ಮೂವತ್ತೆಂಟು" ಎಂದು ತಾಯಿಗೆ ಹೇಳಿ ಎರಡು ಸೌದೆ ನೂಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ನೋಡಿದ. ಹತ್ತೂ ಐವತ್ತಕ್ಕೆ ಫೋನ್ ತೆಗೆದವನು ಪರದೆಯನ್ನು ಎರಡೆರಡು ಸಲ ನೋಡಿದ.

"ಎಷ್ಟಪ್ಪಾ?" ಎಂದೆ.

"ನಲವತ್ತಾರು ಚಿಲ್ರೆ."

"ಯಾರಿಗಾದರೂ ಫೋನ್ ಮಾಡಿದೆಯಾ?"

"ನೀವೇ ನೋಡ್ತಿದ್ರಲ್ಲ ಸಾ."

ಕಮಲಾಕ್ಷಮ್ಮನವರು ಕೊಕ್ಕೆಯೂರಿ ಎದ್ದು ಕಿಂಡಿಯ ಪಕ್ಕಕ್ಕೆ ಹೋಗಿ ನಿಂತರು. "ಇನ್ನೊಂದು ಸಲ ಥರ್ಮಾಮೀಟರ್ ನೋಡು. ಯಾವಾಗಲೂ ಹೇಗೆ ನೋಡ್ತೀಯೋ ಹಾಗೆ. ಮೇಷ್ಟ್ರೇ, ನೀವು ಅವನ ಬೆರಳು ನೋಡಿ."

ರಾಮಣ್ಣ ಹಣೆಯನ್ನು ಕಿಂಡಿಗೆ ಒತ್ತಿದ. ಕಣ್ಣು ಒಳಗಿನ ಥರ್ಮಾಮೀಟರಿನ ಮೇಲೆ, ಕೈ ಮಾತ್ರ ಹೊರಗೆ. ಸೌದೆ ಒಡೆದು ಒಡೆದು ಕೊರಡಿನಂತಾದ ಹೆಬ್ಬೆರಳು ಫೋನಿನ ಮೇಲೆ ತಡಕಾಡಿ ಟಾರ್ಚಿನ ಗುಂಡಿಯನ್ನು ಒತ್ತಿತು. ಹೆಬ್ಬೆರಳು ಅಗಲ, ಗುಂಡಿ ಕಿರಿದು. ಪಕ್ಕದಲ್ಲಿದ್ದ, ಭೂಗೋಳದ ಚಿತ್ರದ ಇಂಟರ್‌ನೆಟ್ ಗುಂಡಿಯೂ ಅದರಡಿಯಲ್ಲಿ ಅಮುಕಿಹೋಯಿತು. ಟಾರ್ಚ್ ಹೊತ್ತಿತು. ಪರದೆಯ ಮೇಲೆ ಗುಲಗಂಜಿಯಷ್ಟು ಗೋಳವೊಂದು ಗರಗರನೆ ಸುತ್ತತೊಡಗಿತು. ಸ್ಟಾಪ್‌ವಾಚಿನಲ್ಲಿ ಒಂದು ನಿಮಿಷವಾಯಿತು, ಎರಡಾಯಿತು, ಪುಟ ತೆರೆಯಲಿಲ್ಲ. ಅಲ್ಲಿನ ಸಿಗ್ನಲ್ಲಿಗೆ ಅದು ಅರ್ಧ ಗಂಟೆಯಾದರೂ ತೆರೆಯುವಂತಿರಲಿಲ್ಲ. ಗೋಳ ಸುತ್ತುತ್ತಿದ್ದಂತೆಯೇ ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಎಂದೂ ಹಾಗೆಯೇ ಹಾಕಿಕೊಳ್ಳುತ್ತಿದ್ದ. ಒಳಗೆ ಅದು ತಿರುಗುತ್ತಲೇ ಇರುತ್ತಿತ್ತು, ಹಣ ಸೋರುತ್ತಲೇ ಇರುತ್ತಿತ್ತು.

"ಈಗ ಬ್ಯಾಲೆನ್ಸ್ ನೋಡು" ಎಂದರು ಕಮಲಾಕ್ಷಮ್ಮನವರು.

ನಲವತ್ತನಾಲ್ಕು.

ಜುಲೈ ತಿಂಗಳಲ್ಲೂ ಅವನು ಹೀಗೆಯೇ ಒತ್ತಿದ್ದ. ಆಗ ಉಚಿತದ ಮಿತಿಯೊಳಗಿದ್ದುದರಿಂದ ಕಾಣಲಿಲ್ಲ. ಸಹಾಯವಾಣಿಯ ಹುಡುಗಿ ಹೇಳಿದ್ದುದು ಅಕ್ಷರಶಃ ನಿಜವಾಗಿತ್ತು. ನಾನು ಇದನ್ನು ಬಿಡಿಸಿ ಹೇಳತೊಡಗಿದೆ. ರಾಮಣ್ಣ ನನ್ನ ಮಾತನ್ನು ಕೇಳುತ್ತಿರಲಿಲ್ಲ. ಬೆಂಕಿ ಬೀಳುವ ಹಿಂದಿನ ದಿನ ಹಾಕಿಸಿದ ಐವತ್ತು ಎಲ್ಲಿ ಹೋಯಿತೆಂದು ಅವನಿಗೆ ತಿಳಿದುಹೋಗಿತ್ತು. ತನ್ನ ಹೆಬ್ಬೆರಳನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

ಮೊದಲು ಕೈ ಎತ್ತಿದವಳು ದೊಡ್ಡತಾಯಮ್ಮ. ಸೊಪ್ಪು ಕಟ್ಟುವ ಕಡ್ಡಿಯೊಂದನ್ನು ಹಿಡಿದು ಎಪ್ಪತ್ತರ ಆ ಮುದುಕಿ ಮಗನ ಬೆನ್ನು, ಭುಜ, ಕಿವಿ ಎನ್ನದೆ ಬಡಿದಳು. ಕಡ್ಡಿ ಮುರಿಯಿತು. ಇನ್ನೊಂದನ್ನು ತೆಗೆದುಕೊಂಡಳು.

"ನಾನು ಎಬ್ಬೆಟ್ಟು ಒತ್ತೋಳು ಕಣ್ಲಾ. ಓದ್ಲಿ ಅಂತ ನಿನ್ನ ಇಸ್ಕೂಲಿಗೆ ಅಟ್ದೆ. ನಿನ್ ಎಬ್ಬೆಟ್ಟೇ ನನ್ ಮಗನ್ನ ಸುಡ್ತಲ್ಲೋ. ಆ ಎಣ್ಣುಮಗಳ್ ಕೈಯ ಮುರುದ್ಬುಟ್ಯಲ್ಲೋ."

ಅವನು ಕದಲಲಿಲ್ಲ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಎರಡನೆಯ ಕಡ್ಡಿಯೂ ಮುರಿದ ಮೇಲೆ ಮುದುಕಿ ನೆಲದ ಮೇಲೆ ಕುಸಿದು ಕುಳಿತಳು. ರಾಮಣ್ಣ ಒಲೆಯ ಕಟ್ಟೆಯ ಇಟ್ಟಿಗೆಯ ಮೇಲೆ ಬಲಗೈಯನ್ನು ಇಟ್ಟು, ಹೆಬ್ಬೆರಳನ್ನು ಬೇರೆಯಾಗಿ ಚಾಚಿದ.

"ಒಡೀರಿ ಬೂತಮ್ಮೋರೆ."

"ಏಳಪ್ಪಾ."

"ನೀವು ಒಡೀದಿದ್ರೆ ಕೊಡ್ಲಿ ಅಲ್ಲೇ ಅದೆ. ನಾನೇ ಕತ್ತರುಸ್ಕತ್ತೀನಿ."

ಕೊಡಲಿ ಸೌದೆಯ ರಾಶಿಯಲ್ಲಿ ನೆಟ್ಟಿತ್ತು. ಅವನು ಹೇಳಿದ್ದನ್ನು ಮಾಡುವವನು ಎಂಬುದನ್ನು ಕಮಲಾಕ್ಷಮ್ಮನವರ ಎಡಗೈ ಬಲ್ಲದು. ನಾನು, ಬೇಡ ಎಂದು ಕೂಗಿದೆ. ಅವರು ಕೊಡಲಿಯನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿ, ಕೊಕ್ಕೆಯನ್ನು ಎತ್ತಿ ಹೊಡೆದರು. ಒಂದೇ ಏಟು. ಅವನು ಹಲ್ಲು ಕಚ್ಚಿ ಮಂಡಿಯೂರಿದ. ಹೊಡೆದ ರಭಸಕ್ಕೆ ಅವರ ಸೊರಗಿದ ಕಾಲು ತಡೆಯದೆ ಅವರೂ ಮಗ್ಗುಲಾಗಿ ಬಿದ್ದರು. ಕಟ್ಟಿನೊಳಗಿನ ಮೂಳೆ ಮತ್ತೆ ಸರಿಯಿತು. ಆ ಕೈ ಇಂದಿಗೂ ಬಾಗಿರುವುದು ಆ ಬೀಳುವಿಕೆಯಿಂದ.

ಅರ್ಧ ಗಂಟೆಯ ಬಳಿಕ ಒಂದೇ ಆಟೋದಲ್ಲಿ ಹೊರಟ ನಾವು ಮೂವರೂ ಮೂಳೆ ಕಟ್ಟುವ ಷಡಕ್ಷರಿಯವರ ಜಗಲಿಯಲ್ಲಿ ಕುಳಿತಿದ್ದೆವು.

"ಏನಾಯ್ತಮ್ಮಾ ಮತ್ತೆ?"

"ಬಿದ್ದೆ."

"ನಿನಗೇನಾಯ್ತಪ್ಪಾ?"

"ಬ್ಯಾರನ್ ಬಾಗ್ಲು ಬಿತ್ತು ಸಾ."

"ಆವತ್ತು ಇವರ ಮೇಲೆ ಶಟರ್ ಬಿತ್ತು, ಇವತ್ತು ನಿನ್ನ ಮೇಲೆ ಬಾಗ್ಲು. ಊರಲ್ಲಿ ಒಂದು ಬಾಗ್ಲೂ ನೆಟ್ಟಗಿಲ್ಲ ಅನ್ನು" ಎಂದು ಷಡಕ್ಷರಿಯವರು ಬಿದಿರು ದಬ್ಬೆ ಸೀಳತೊಡಗಿದರು. "ಮೊದಲು ಯಾರದು?"

"ಅವನದು ಕಟ್ಟಿ. ಬೆಂಕಿ ನೋಡಿಕೊಳ್ಳೋಕೆ ಅವನು ವಾಪಸ್ಸು ಹೋಗಬೇಕು" ಎಂದರು ಕಮಲಾಕ್ಷಮ್ಮನವರು. ಕಟ್ಟು ಬಿಗಿಯುವಾಗ ಅವನ ಕಡೆ ತಿರುಗಿದರು. "ನೀನು ಹೊಡೆದದ್ದು ಬಸ್‌ಸ್ಟ್ಯಾಂಡಿನ ಮುಂದೆ. ಹೇಳೋದೂ ಅಲ್ಲೇ ಹೇಳಬೇಕು, ಅದೇ ಹೊತ್ತಿಗೆ."

ಮರುದಿನ ಹನ್ನೊಂದು ಗಂಟೆಗೆ ರಾಮಣ್ಣ ಕಲ್ಲೇಟಿಗೆ ಒಡೆದಿದ್ದ ಬೂತಿನ ಬೋರ್ಡಿನ ಕೆಳಗೆ ನಿಂತು, ಕಟ್ಟು ಹಾಕಿದ ಹೆಬ್ಬೆರಳನ್ನು ಮೇಲೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಬೂತಮ್ಮೋರು ನುಂಗಿಲ್ಲ. ನುಂಗಿದ್ದು ಇದು. ನಿಮ್ ನಿಮ್ಮವೂ ನುಂಗ್ತಾವೆ, ಬಂದು ನೋಡ್ಕಳಿ." ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, "ಎಬ್ಬೆಟ್ಟು ರಾಮಣ್ಣ" ಎಂದ. ರಾಮಣ್ಣ ಅವನ ಮೇಲೆ ನುಗ್ಗಿ ಮುಷ್ಟಿ ಬಿಗಿಯಲು ಹೋದ. ಬಿಗಿಯಲು ಹೆಬ್ಬೆರಳು ಮಡಚಲಿಲ್ಲ. ಹಾಗೆಯೇ ಕೈ ಇಳಿಸಿದ.

ಅಂದು ಕಮಲಾಕ್ಷಮ್ಮನವರು ಅಂಚೆ ಕಚೇರಿಯಲ್ಲಿ ಮೊಹರಿಗೆ ಬಳಸುವಂಥ ಕೆಂಪು ಅರಗಿನ ಕಡ್ಡಿ, ಒಂದು ಮೇಣದಬತ್ತಿ ಇಟ್ಟುಕೊಂಡು ಕುಳಿತರು. ತಂಬಾಕಿನವರು ಒಬ್ಬೊಬ್ಬರಾಗಿ ಬಂದರು. ಭೂಗೋಳದ ಗುಂಡಿಯ ಮೇಲೆ ಒಂದು ಹನಿ ಅರಗು ಬಿಟ್ಟು ಒತ್ತಿದರೆ ಅದು ಮತ್ತೆ ಅಮುಕುತ್ತಿರಲಿಲ್ಲ. ಅದಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ. ನೋಟ್‌ಬುಕ್ಕನ್ನು ಮುಖಕ್ಕೆ ಎಸೆದಿದ್ದವನ ಸರದಿ ಬಂದಾಗ ಮಾತ್ರ, ಅರಗಿನ ಎರಡನೆಯ ಹನಿ ಅವನ ಬೆರಳಿನ ಮೇಲೆ ಬಿತ್ತು. ಕೈ ನಡುಗಿತು ಎಂದರು. ಅವರ ಬಲಗೈ ನಡುಗಿದ್ದನ್ನು ನಾನು ಎಂದೂ ಕಂಡವನಲ್ಲ.

ಅಂದಿನಿಂದ ನಮ್ಮ ಕಡೆ ಯಾರ ಬ್ಯಾಲೆನ್ಸ್ ಮಾಯವಾದರೂ "ಎಬ್ಬೆಟ್ಟು ನುಂಗ್ತು" ಎನ್ನುವುದೇ ರೂಢಿಯಾಯಿತು. ಅರಕಲಗೂಡಿನ ಏಜೆಂಟು ಮತ್ತೆ ಬರಲಿಲ್ಲ.

ತಮ್ಮಯ್ಯ ಹಾಸನದಿಂದ ಹಿಂದಿರುಗಿದ್ದು ಅಕ್ಟೋಬರಿನಲ್ಲಿ. ಎರಡೂ ಕೈಗಳ ಬೆರಳುಗಳು ಒಂದಕ್ಕೊಂದು ಅಂಟಿ ಸೌಟಿನಂತಾಗಿದ್ದವು. ಯಾವ ಗುಂಡಿಯನ್ನೂ ಒತ್ತುವಂತಿರಲಿಲ್ಲ. ಒಂದು ದಿನ ಅವನು ಬೂತಿಗೆ ಬಂದ. ತವರಿಗೆ ಹೋಗಿದ್ದ ಹೆಂಡತಿಯೊಡನೆ ಮಾತನಾಡಬೇಕಿತ್ತು. ಅವಳ ಊರು ಚನ್ನರಾಯಪಟ್ಟಣದ ಆಚೆ. ಕಮಲಾಕ್ಷಮ್ಮನವರು ಉಳಿದಿದ್ದ ಆ ಒಂದು ಗಾಜಿನ ಗೂಡಿನ ಬಾಗಿಲು ತೆರೆದು, ನಂಬರ್ ಒತ್ತಿ, ರಿಸೀವರನ್ನು ಅವನ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ ಹೊರಗೆ ಬಂದು ಕುಳಿತರು. ತಲೆಯ ಮೇಲೆ ಕೆಂಪು ಅಂಕಿಗಳು ಓಡತೊಡಗಿದವು.

ಮಾತು ಮುಗಿದ ಮೇಲೆ ಅವನು ಒಳಗಿನಿಂದಲೇ ಕೇಳಿದ. "ಎಷ್ಟಾಯ್ತು ಬೂತಮ್ಮೋರೆ?"

"ನೀನೇ ಓದಪ್ಪಾ" ಎಂದರು ಅವರು.

ತಮ್ಮಯ್ಯ ತಲೆಯೆತ್ತಿ, ಬೀದಿಗೆಲ್ಲ ಕೇಳುವಂತೆ ಓದಿದ: "ನಾಲ್ಕು ರೂಪಾಯಿ ಎಂಬತ್ತು ಪೈಸೆ."